ತುರ್ಭೆಯಲ್ಲಿದ್ದ ಪ್ರತಿ

ಶರ್ಮಿಳಾಳ ಎಡಗೈಯ ಕಿರುಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಅವಳ ಗಂಡ ಲತೀಶ್ ಲ್ಯಾಪ್‌ಟಾಪಿನ ಮುಚ್ಚಳವನ್ನು ಆ ಬೆರಳಿನ ಮೇಲೆ ಬಡಿದಿದ್ದ. ಮೊದಲ ಪೆಟ್ಟಿಗೆ ಬೆರಳು ಸಿಕ್ಕಿದ್ದು ಅವನಿಗೆ ಗೊತ್ತಾಗಲಿಲ್ಲ ಎಂದು ಬೇಕಾದರೆ ಒಪ್ಪಬಹುದು. ಎರಡನೆಯದಕ್ಕೆ ಗೊತ್ತಿತ್ತು.

ಅವಳು ಹುಟ್ಟಿ ಬೆಳೆದದ್ದು ಥಾಣೆಯ ಕೋಪರಿಯಲ್ಲಿ. ಅಪ್ಪ ಕಾರ್ಕಳದ ಕಡೆಯಿಂದ ಬಂದು ಕ್ಯಾಂಟೀನಿನಲ್ಲಿ ದುಡಿದು ತೀರಿಕೊಂಡವರು. ಅಮ್ಮ ಈಗಲೂ ಅಲ್ಲೇ, ಸ್ಟೇಷನ್ನಿನ ಬದಿಯ ಚಾಳಿನ ಒಂದು ಕೋಣೆಯಲ್ಲಿದ್ದಾರೆ. ಕಾಲೇಜು ಮುಗಿದ ಮೇಲೆ ಶರ್ಮಿಳಾ ಹತ್ತಿರದ ಕಲ್ಯಾಣ ಪಟ್ಟಣಕ್ಕೆ ಹೋಗಿ ಕಸೂತಿಯ ಪಂಚಿಂಗ್ ಕಲಿತಳು. ಯಂತ್ರ ಬಟ್ಟೆಯ ಮೇಲೆ ಹೂವು ಹಾಕಬೇಕಾದರೆ ಯಾರಾದರೂ ಮೊದಲು ಕಂಪ್ಯೂಟರಿನಲ್ಲಿ ಅದಕ್ಕೆ ದಾರಿ ಹಾಕಿಕೊಡಬೇಕು. ಸೂಜಿ ಎಲ್ಲಿ ಇಳಿಯಬೇಕು, ದಾರ ಯಾವ ಕಡೆಗೆ ಮಲಗಬೇಕು, ಎಲ್ಲಿ ಕತ್ತರಿಸಿ ಬಣ್ಣ ಬದಲಿಸಬೇಕು ಎಂದು ಒಂದೊಂದು ಹೊಲಿಗೆಗೂ ಹೇಳಬೇಕು. ಹೊಲಿಗೆ ಒತ್ತಾಗಿ ಬಿದ್ದರೆ ದಾರ ಕಡಿಯುತ್ತದೆ, ಸೂಜಿ ಮುರಿಯುತ್ತದೆ. ತೆಳುವಾದರೆ ಕೆಳಗಿನ ಬಟ್ಟೆ ಕಾಣುತ್ತದೆ. ಒಂದು ಸೀರೆಯ ಸೆರಗಿನ ಕೆಲಸ ಕೆಲವೊಮ್ಮೆ ವಾರಗಟ್ಟಲೆ ಹಿಡಿಯುತ್ತಿತ್ತು. ಆ ಕೆಲಸದಲ್ಲಿ ಅವಳ ಕೈ ಪಳಗಿತ್ತು. ನವಿ ಮುಂಬಯಿಯ ತುರ್ಭೆಯ ಕಸೂತಿ ಶೆಡ್ಡುಗಳಲ್ಲಿ ‘ಶರ್ಮಿಳಾ ಮೇಡಂ ಡಿಸೈನು’ ಎಂದರೆ ಯಂತ್ರ ನಿಲ್ಲದೆ ಓಡುತ್ತದೆ ಎಂದು ಅರ್ಥ.

ಮದುವೆಯಾಗಿ ಅವಳು ಬಂದದ್ದು ಡೊಂಬಿವಲಿ ಪೂರ್ವದ ಒಂದು ಸೊಸೈಟಿಯ ಮೂರನೇ ಮಹಡಿಗೆ. ಲತೀಶ್ ಥಾಣೆಯ ಒಂದು ರೆಸ್ಟೋರೆಂಟಿನಲ್ಲಿ ಮ್ಯಾನೇಜರ್. ಮನೆಯಲ್ಲಿ ಅವನ ತಾಯಿ ಸುಂದರಿ. ಅವನ ತಂದೆ ಹಗಲು ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂತು, ರಜೆಯ ದಿನ ಮುಂಬಯಿಯ ಯಕ್ಷಗಾನ ಆಟಗಳಲ್ಲಿ ಭಾಗವತಿಕೆ ಮಾಡುತ್ತಿದ್ದವರು. ಶರ್ಮಿಳಾ ಸೊಸೆಯಾಗಿ ಬರುವಷ್ಟರಲ್ಲಿ ಅವರು ಇರಲಿಲ್ಲ.

ಮೊದಲ ಏಟು ಬಿದ್ದದ್ದು ಮದುವೆಯಾದ ವರ್ಷವೇ. ಹೋಟೆಲಿನಲ್ಲಿ ಮಾಲೀಕನ ಮುಂದೆ ಬಾಗಿರುತ್ತಿದ್ದ ಬೆನ್ನು ಮನೆಯ ಬಾಗಿಲು ದಾಟಿದ ಕೂಡಲೇ ನೆಟ್ಟಗಾಗುತ್ತಿತ್ತು. ಸಾರಿಗೆ ಉಪ್ಪು, ಬಾಗಿಲು ತೆರೆಯಲು ತಡ, ಫೋನಿನಲ್ಲಿ ನಕ್ಕದ್ದು, ಯಾವುದಾದರೊಂದು ಕಾರಣ ಸಿಗುತ್ತಿತ್ತು. ಮುಖಕ್ಕೆ ಹೊಡೆಯದಿರುವ ಎಚ್ಚರಿಕೆ ಅವನಿಗಿತ್ತು. ಬೆನ್ನಿಗೆ, ತೊಡೆಗೆ, ರವಿಕೆ ಮುಚ್ಚುವ ತೋಳಿಗೆ ಹೊಡೆಯುತ್ತಿದ್ದ. ಸದ್ದಾದರೆ ಗೋಡೆಯಾಚೆಯ ಮನೆಯವನು ಟಿವಿಯ ದನಿ ಏರಿಸುತ್ತಿದ್ದ. ಸುಂದರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಮುಗಿಯುವ ತನಕ ಕಾಯುತ್ತಿದ್ದರು. ಆಮೇಲೆ ಎಣ್ಣೆ ಬಿಸಿ ಮಾಡಿ ತಂದು ಸೊಸೆಯ ಬೆನ್ನಿಗೆ ಹಚ್ಚುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ.

ಹೊಡೆದ ಮರುದಿನವೂ ಶರ್ಮಿಳಾ ಲ್ಯಾಪ್‌ಟಾಪ್ ತೆರೆದು ಕೆಲಸಕ್ಕೆ ಕೂರುತ್ತಿದ್ದಳು. ಲತೀಶನನ್ನು ಅದು ಎಲ್ಲಕ್ಕಿಂತ ಹೆಚ್ಚು ಕೆರಳಿಸುತ್ತಿತ್ತು.

ಅವಳ ಕೆಲಸ ಮೊದಲ ಸಲ ಕಳೆದುಹೋದದ್ದಕ್ಕೆ ಅವನು ಕಾರಣನಲ್ಲ. ತುರ್ಭೆಗೆ ಹೋಗುವಾಗ ಥಾಣೆಯಲ್ಲಿ ಗಾಡಿ ಬದಲಿಸುವ ಗರ್ದಿಯಲ್ಲಿ ಹೆಗಲಿನ ಚೀಲದ ಪಟ್ಟಿ ಕಿತ್ತು ಲ್ಯಾಪ್‌ಟಾಪ್ ಪ್ಲಾಟ್‌ಫಾರಂ ಮೇಲೆ ಬಿತ್ತು. ಮನೆಗೆ ಬಂದು ಆನ್ ಮಾಡಿದರೆ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು. ಆಫ್ ಮಾಡಿ ಮತ್ತೆ ಆನ್ ಮಾಡಿದಳು. ಮಧ್ಯಾಹ್ನವೆಲ್ಲ ಅದನ್ನೇ ಮಾಡಿದಳು. ಸಂಜೆ ಸ್ಟೇಷನ್ ಹತ್ತಿರದ ಗುಣಪಾಲನ ಅಂಗಡಿಗೆ ಒಯ್ದಳು. ಗುಣಪಾಲ ಮೂಡುಬಿದಿರೆಯವನು. ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ, ಹಾಳಾದ ಡಿಸ್ಕಿನಿಂದ ಫೈಲು ತೆಗೆದುಕೊಡುತ್ತಿದ್ದ.

“ಎಷ್ಟು ಸಲ ಆನ್ ಮಾಡಿದ್ರಿ?” ಎಂದು ಅವನು ಕೇಳಿದ.

“ಲೆಕ್ಕ ಇಲ್ಲ ಅಣ್ಣ.”

“ಅದೇ ತಪ್ಪಾದ್ದು. ಇದರೊಳಗೆ ಒಂದು ತಟ್ಟೆ ತಿರುಗ್ತದೆ. ಅದನ್ನು ಮುಟ್ಟಿಯೂ ಮುಟ್ಟದ ಹಾಗೆ ಓದುವ ಕಡ್ಡಿ ಒಂದು ಓಡ್ತಾ ಇರ್ತದೆ. ಬಿದ್ದಾಗ ಆ ಕಡ್ಡಿಗೆ ಪೆಟ್ಟಾಯ್ತು. ನೀವು ಆನ್ ಮಾಡಿದ ಹಾಗೆ ಅದು ತಟ್ಟೆಯನ್ನು ಗೀರ್ತಾ ಹೋಯ್ತು. ಸದ್ದು ಕೇಳಿದ ಕೂಡ್ಲೆ ಆಫ್ ಮಾಡಿ ಸೀದಾ ಇಲ್ಲಿಗೆ ತಂದಿದ್ರೆ ಹೆಚ್ಚಿನದ್ದು ಸಿಗ್ತಿತ್ತು.”

ಡಿಸ್ಕನ್ನು ಅವನು ನವಿ ಮುಂಬಯಿಯ ಒಂದು ಲ್ಯಾಬಿಗೆ ಕಳಿಸಿದ. ಅರ್ಧದಷ್ಟು ಡಿಸೈನು ಬಂತು. ಉಳಿದದ್ದು ಹೋಯಿತು. ಹೊಸ ಡಿಸ್ಕು ಹಾಕಿಸಿಕೊಂಡು ಶರ್ಮಿಳಾ ಮತ್ತೆ ಶುರು ಮಾಡಿದಳು.

ಆ ವರ್ಷದ ಮಳೆಗಾಲದಲ್ಲಿ ಸುಂದರಿಯ ಹಳೆಯ ಫೋನು ಹೊಟ್ಟೆ ಉಬ್ಬಿಸಿಕೊಂಡಿತು. ಬ್ಯಾಟರಿ ಊದಿ ಹಿಂದಿನ ಮುಚ್ಚಳ ಎದ್ದಿತ್ತು. ಗಂಡ ಹಾಡಿದ ಪದ್ಯಗಳ ರೆಕಾರ್ಡಿಂಗ್ ಇದ್ದದ್ದು ಅದೊಂದರಲ್ಲೇ.

“ಇದು ಹೋದ್ರೆ ಅವರ ಸ್ವರ ಹೋಯ್ತು ಮಗಾ,” ಎಂದರು ಸುಂದರಿ.

ಶರ್ಮಿಳಾ ಫೋನನ್ನು ಚಾರ್ಜಿಗೆ ಹಾಕಗೊಡಲಿಲ್ಲ. ಗುಣಪಾಲನಿಂದ ಪದ್ಯಗಳನ್ನೆಲ್ಲ ತೆಗೆಸಿ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡಳು. ಮಧ್ಯಾಹ್ನ ಕೆಲಸ ಮಾಡುತ್ತಲೇ ಅತ್ತೆಗಾಗಿ ಅವನ್ನು ಹಚ್ಚುತ್ತಿದ್ದಳು. ಸುಂದರಿ ನೆಲದ ಮೇಲೆ ಕಾಲು ಚಾಚಿ ಕೂತು ಕೇಳುತ್ತಿದ್ದರು. ಲತೀಶನೂ ರಜೆಯ ದಿನ ಒಂದೆರಡು ಸಲ ಕೇಳಿದ್ದ. ಅಪ್ಪನ ಸ್ವರ ಏರುವಲ್ಲಿ ಅವನು ಎದ್ದು ಬಾಲ್ಕನಿಗೆ ಹೋಗುತ್ತಿದ್ದ.

ಎರಡನೇ ಸಲ ಹೋದದ್ದಕ್ಕೆ ಅವನೇ ಕಾರಣ. ಶರ್ಮಿಳಾ ಅಮ್ಮನನ್ನು ನೋಡಲು ಕೋಪರಿಗೆ ಹೋಗಿದ್ದ ದಿನ ಲ್ಯಾಪ್‌ಟಾಪ್ ತೆರೆದು ಡಿಸೈನುಗಳ ಫೋಲ್ಡರನ್ನು ಅಳಿಸಿದ, ಕಸದ ಬುಟ್ಟಿಯಿಂದಲೂ ಅಳಿಸಿದ. ಅವಳು ಸಂಜೆ ಬಂದು ತೆರೆದಾಗ ಫೋಲ್ಡರ್ ಇದ್ದ ಜಾಗ ಬರಿದಾಗಿತ್ತು. ಲತೀಶ್ ಸೋಫಾದಲ್ಲಿ ಕೂತು ಅವಳ ಮುಖವನ್ನೇ ನೋಡುತ್ತಿದ್ದ. ಕೂಗಾಡುತ್ತಾಳೆ ಎಂದುಕೊಂಡಿದ್ದನೇನೋ. ಶರ್ಮಿಳಾ ಯಾವ ಕೀಲಿಯನ್ನೂ ಮುಟ್ಟದೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿದಳು, ಚೀಲಕ್ಕೆ ಹಾಕಿಕೊಂಡಳು.

“ಎಲ್ಲಿಗೆ?”

“ಹಾಲು ತರ್ಲಿಕ್ಕೆ.”

ಅವನು ನಕ್ಕ. ಹೋದದ್ದು ಹೋಯಿತು, ಎಲ್ಲಿಗಾದರೂ ಹೋಗಲಿ ಎಂಬ ಧೈರ್ಯ ಅವನಿಗೆ.

“ಅಳಿಸಿದ ಮೇಲೆ ಏನನ್ನೂ ಸೇವ್ ಮಾಡ್ಲಿಲ್ವಲ್ಲ? ಇಂಟರ್‌ನೆಟ್ಟಿಂದ ಯಾವುದೋ ಸಾಫ್ಟ್‌ವೇರ್ ಇಳಿಸಿಕೊಳ್ಳಲಿಲ್ವಲ್ಲ?” ಎಂದು ಗುಣಪಾಲ ಕೇಳಿದ.

“ಏನೂ ಮಾಡ್ಲಿಲ್ಲ. ಆಫ್ ಮಾಡಿ ತಂದೆ.”

“ಹಾಗಾದ್ರೆ ಹೆದರ್ಬೇಡಿ. ಇದು ಹಳೇ ತರದ ಡಿಸ್ಕು. ಅಳಿಸಿದ್ರೂ ಅದರ ಮೇಲೆ ಬೇರೆಯದ್ದು ಬಂದು ಕೂರುವ ತನಕ ಒಳಗೆ ಇರ್ತದೆ. ಹೊಸ ತರದ್ದಾಗಿದ್ರೆ ತಾನಾಗಿಯೇ ಒರೆಸಿ ಹಾಕ್ತಿತ್ತು, ಆಗ ಕಷ್ಟ.”

ಅವನು ಡಿಸ್ಕನ್ನು ಹೊರತೆಗೆದು, ಮೊದಲು ಅದರ ಪಡಿಯಚ್ಚನ್ನು ಬೇರೊಂದು ಡಿಸ್ಕಿಗೆ ಇಳಿಸಿಕೊಂಡು, ಆ ಪಡಿಯಚ್ಚಿನ ಮೇಲೆ ಹುಡುಕಿದ. ಬಹುಪಾಲು ಎಲ್ಲವೂ ಬಂತು. ಹೆಸರುಗಳು ಮಾತ್ರ ಹೋಗಿ ಬರೀ ಅಂಕಿಗಳಾಗಿದ್ದವು. ಒಂದೊಂದನ್ನೂ ತೆರೆದು ಇದು ಯಾವ ಸೆರಗು, ಇದು ಯಾವ ಕುರ್ತಾದ ಕತ್ತು ಎಂದು ಅವಳೇ ಗುರುತು ಹಿಡಿಯಬೇಕಾಯಿತು.

ಕೆಲವು ದಿನಗಳಾದ ಮೇಲೆ ಲತೀಶ್ ತಾನು ಅಳಿಸಿದ್ದ ನವಿಲಿನ ಸೆರಗಿನ ಡಿಸೈನನ್ನು ಅವಳ ಪರದೆಯ ಮೇಲೆ ನೋಡಿದ.

“ಇದು ಹೇಗೆ ಬಂತು?”

ಆ ಒಂದು ಗಳಿಗೆ ಶರ್ಮಿಳಾಳಿಗೆ ಹೆಮ್ಮೆ ತಡೆಯಲಾಗಲಿಲ್ಲ. “ಅಳಿಸಿದ ಕೂಡ್ಲೆ ಹೋಗೂದಿಲ್ಲ. ಒಳಗೇ ಇರ್ತದೆ. ಗೊತ್ತಿದ್ದವರು ತೆಗಿತಾರೆ,” ಎಂದಳು.

ಅವನು ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಕುರ್ಚಿಯಿಂದ ಎಳೆದ. ಕುರ್ಚಿ ಮಗುಚಿತು. ಹಾಲಿನಿಂದ ಮಲಗುವ ಕೋಣೆಯ ತನಕ ನೆಲದ ಮೇಲೆ ಎಳೆದುಕೊಂಡು ಹೋಗಿ ಬೆಲ್ಟು ಬಿಚ್ಚಿದ. ಅಂದು ಮುಖ ತಪ್ಪಿಸುವ ಎಚ್ಚರಿಕೆ ಅವನಿಗಿರಲಿಲ್ಲ. ಬೆಲ್ಟಿನ ಬಕಲು ಕತ್ತಿಗೆ ಬಿದ್ದು ಚರ್ಮ ಸುಲಿಯಿತು. ಗೋಡೆಯಾಚೆ ಟಿವಿ ಜೋರಾಯಿತು. ತನಗೆ ಸುಸ್ತಾಗುವ ತನಕ ಹೊಡೆದ.

ವಾರ ಬಿಟ್ಟು ಅವಳು ಪೆನ್ ಡ್ರೈವ್ ಕೊಳ್ಳಲು ಹೋದಾಗ ಗುಣಪಾಲ ಅವಳ ಕತ್ತು ನೋಡಿದ. ಕೌಂಟರಿನ ಮೇಲೆ ಒಂದು ಬೆರಳಿಟ್ಟು ಹೇಳಿದ: “ನೋಡಿ, ಬೇಕಾದ್ದೆಲ್ಲ ಮೂರು ಕಡೆ ಇರ್ಬೇಕು. ಲ್ಯಾಪ್‌ಟಾಪಲ್ಲಿ ಒಂದು, ಮನೆಯಲ್ಲಿ ಬೇರೆ ಡಿಸ್ಕಲ್ಲಿ ಒಂದು, ಮನೆಯ ಹೊರಗೆ ಒಂದು. ಹೊರಗಿನದ್ದು ಎಲ್ಲಿ ಉಂಟು ಅಂತ ಮನೆಯಲ್ಲಿ ಯಾರಿಗೂ ಗೊತ್ತಾಗ್ಬೇಕೂಂತ ಇಲ್ಲ.”

ಆನ್‌ಲೈನಿನಲ್ಲಿ ಇಡಬಹುದಿತ್ತು. ಆದರೆ ಅವಳ ಫೋನು ಪ್ರತಿ ಸಂಜೆ ಲತೀಶನ ಕೈಗೆ ಹೋಗುತ್ತಿತ್ತು. ಖಾತೆ ಅದರಲ್ಲೇ ತೆರೆದಿರುತ್ತಿತ್ತು. ಅಲ್ಲಿ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಹಾಗಾಗಿ ಅವಳು ಒಂದು ಚಿಕ್ಕ ಡಿಸ್ಕು ಕೊಂಡು ತುರ್ಭೆಗೆ ಒಯ್ದಳು.

ತುರ್ಭೆಯ ಶೆಡ್ಡಿನಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವಳು ದಾನಮ್ಮ. ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಗಂಡನ ಜೊತೆ ಬಂದವಳು. ಗಂಡ ಸತ್ತ ಮೇಲೆ ಶೆಡ್ಡಿಗೆ ದಾರ ಸುತ್ತಲು ಸೇರಿ, ಆಮೇಲೆ ಯಂತ್ರ ಓಡಿಸಲು ಕಲಿತಿದ್ದಳು. ಶರ್ಮಿಳಾ ಡಿಸ್ಕನ್ನು ಅವಳ ಕೈಗಿಟ್ಟಳು.

“ಇದರಾಗ ಏನೈತಿ ತಂಗಿ?”

“ನನ್ನ ಎಲ್ಲಾ ಡಿಸೈನು. ಒಂದು ಪ್ರತಿ ನಿಮ್ಮ ಹತ್ರ ಇರ್ಲಿ ಅಕ್ಕ. ಯಾರಿಗೂ ಹೇಳ್ಬೇಡಿ.”

“ಹಚ್ಚಿ ನೋಡಿಯೇನು, ಬರೋಬರಿ ಬಂದೈತೋ ಇಲ್ಲೋ?”

ಶೆಡ್ಡಿನ ಕಂಪ್ಯೂಟರಿಗೆ ಹಚ್ಚಿ ನೋಡಿದರೆ ಒಂದು ಫೈಲೂ ತೆರೆಯಲಿಲ್ಲ. ಅವಸರದಲ್ಲಿ ಶರ್ಮಿಳಾ ಡೆಸ್ಕ್‌ಟಾಪಿನ ಮೇಲಿನ ಶಾರ್ಟ್‌ಕಟ್‌ಗಳನ್ನು ಮಾತ್ರ ಎತ್ತಿ ತಂದಿದ್ದಳು. ದಾರಿ ತೋರಿಸುವ ಬಾಣಗಳಷ್ಟೇ ಇದ್ದವು, ಒಳಗಿನ ಸರಕು ಡೊಂಬಿವಲಿಯಲ್ಲೇ ಇತ್ತು. ಅಂದು ನೋಡದೆ ಹೋಗಿದ್ದರೆ, ಇದೆ ಇದೆ ಎಂದುಕೊಂಡೇ ಇರುತ್ತಿದ್ದಳು. ಮರುವಾರ ಪೂರ್ತಿ ಫೋಲ್ಡರನ್ನು ತಂದಳು. ಪದ್ಯಗಳನ್ನೂ ಸೇರಿಸಿ ಲ್ಯಾಪ್‌ಟಾಪಿನಲ್ಲಿದ್ದುದೆಲ್ಲವನ್ನೂ ತಂದಳು. ಆಮೇಲೆ ತುರ್ಭೆಗೆ ಹೋದಾಗಲೆಲ್ಲ ಹೊಸದನ್ನು ಸೇರಿಸಿ, ಒಂದೆರಡನ್ನು ಅಲ್ಲೇ ತೆರೆದು ನೋಡಿ ಬರುತ್ತಿದ್ದಳು.

ಒಂದು ದಿನ ದಾನಮ್ಮ ಯಂತ್ರ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತಳು. “ತಂಗಿ, ನಿನ್ನ ಗಂಡ ಬಡೀತಾನ?”

ಶರ್ಮಿಳಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಬೆನ್ನ ಹಿಂದೆ ಬೇರೆ ಯಂತ್ರಗಳು ಓಡುತ್ತಿದ್ದವು.

“ನಂದೊಂದು ಖೋಲಿ ಐತಿ. ಭಾಳ ಸಣ್ಣದು. ಬರೂದಾದ್ರ ಬಾ. ಕೇಳಿ ಬರೂದು ಬ್ಯಾಡ,” ಎಂದು ದಾನಮ್ಮ ಎದ್ದು ಹೋದಳು.

ಶರ್ಮಿಳಾ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಈಗ ಯಾರಾದರೂ ಕೇಳಿದರೆ ಅವಳು, “ಹೋಗ್ಬಹುದು ಅಂತ ಗೊತ್ತಾದದ್ದೇ ಆಗ ಸಾಕಾಗಿತ್ತು,” ಎನ್ನುತ್ತಾಳೆ.

ಬೆರಳು ಮುರಿದದ್ದು ಒಂದು ಮಧ್ಯಾಹ್ನ. ರೆಸ್ಟೋರೆಂಟಿನಲ್ಲಿ ಊಟದ ಹೊತ್ತು ಮುಗಿದ ಮೇಲೆ ಸಂಜೆಯ ತನಕ ಲತೀಶನಿಗೆ ಬಿಡುವು. ಸಾಮಾನ್ಯವಾಗಿ ಅವನು ಅಲ್ಲೇ ಮಲಗುತ್ತಿದ್ದ. ಅಂದು ಮಾಲೀಕ ಗಿರಾಕಿಗಳ ಮುಂದೆಯೇ ಅವನನ್ನು ಬೈದಿದ್ದನಂತೆ. ಅವನು ನೇರ ಮನೆಗೆ ಬಂದ. ಶರ್ಮಿಳಾ ಕಿವಿಗೆ ಫೋನು ಸಿಕ್ಕಿಸಿಕೊಂಡು ಶೆಡ್ಡಿನ ಮಾಲೀಕನ ಜೊತೆ ಬಣ್ಣಗಳ ಬಗ್ಗೆ ಮಾತಾಡುತ್ತ ಕೆಲಸ ಮಾಡುತ್ತಿದ್ದಳು. ಲತೀಶ್ ಬಂದವನೇ ಲ್ಯಾಪ್‌ಟಾಪಿನ ಮುಚ್ಚಳವನ್ನು ಅವಳ ಕೈಗಳ ಮೇಲೆ ಬಡಿದ. ಅವಳು ಬಲಗೈ ಎಳೆದುಕೊಂಡಳು. ಎಡಗೈಯ ಕಿರುಬೆರಳು ಸಿಕ್ಕಿಕೊಂಡಿತು. ಅವನು ಅದನ್ನು ನೋಡಿದ, ಮತ್ತೆ ಬಡಿದ. ಹಸಿ ಕಡ್ಡಿ ಮುರಿದಂಥ ಸದ್ದಾಯಿತು.

ಅವಳು ಚೀರಿದಾಗ ಫೋನನ್ನು ಕಿತ್ತು ಗೋಡೆಗೆ ಎಸೆದ. ಲ್ಯಾಪ್‌ಟಾಪನ್ನು ಎತ್ತಿಕೊಂಡು ಬಚ್ಚಲಿಗೆ ಹೋದ. ಮತ್ತೆ ಬಂದು ಕಪಾಟು ತೆರೆದು ಸೀರೆಗಳನ್ನೆಲ್ಲ ಎಳೆದು ಚೆಲ್ಲಿ, ಕೆಳಗೆ ಅವಳು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಎರಡನೇ ಪ್ರತಿಯ ಡಿಸ್ಕನ್ನು ಹೊರತೆಗೆದ. ಅದು ಅಲ್ಲಿದೆ ಎಂದು ಅವನಿಗೆ ಯಾವಾಗಲೋ ತಿಳಿದಿತ್ತು. ಅಡುಗೆಮನೆಯಿಂದ ಶುಂಠಿ ಜಜ್ಜುವ ಗುಂಡುಕಲ್ಲು ತಂದ.

“ಅಳಿಸಿದ್ರೆ ಬರ್ತದೆ ಅಲ್ವಾ? ಇದು ಹೇಗೆ ಬರ್ತದೆ ನೋಡುವ.”

ಲ್ಯಾಪ್‌ಟಾಪನ್ನು ಬಚ್ಚಲಿನ ನೆಲದ ಮೇಲಿಟ್ಟು ಕಲ್ಲಿನಿಂದ ಕುಟ್ಟಿದ. ಪ್ಲಾಸ್ಟಿಕ್ ಸಿಡಿದು ಗೋಡೆಗೆ ಹೊಡೆಯಿತು. ಶರ್ಮಿಳಾ ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದಳು. ಅವನು ಮೊಣಕೈಯಿಂದ ಅವಳ ಬಾಯಿಗೆ ಗುದ್ದಿದ. ಅವಳು ಅವನ ಮುಂಗೈಗೆ ಹಲ್ಲು ಊರಿದಳು, ರಕ್ತ ಬರುವ ತನಕ ಬಿಡಲಿಲ್ಲ. ಅವನು ಅವಳ ತಲೆಯನ್ನು ವಾಷಿಂಗ್ ಮಷಿನ್ನಿನ ಅಂಚಿಗೆ ಬಡಿದ. ಕಣ್ಣ ಮುಂದೆ ಎಲ್ಲ ಬಿಳಿಯಾಯಿತು. ಅವಳು ಬಾಗಿಲ ಬಳಿ ಕುಸಿದಳು. ಕುಟ್ಟುವ ಸದ್ದು ನಿಲ್ಲಲಿಲ್ಲ. ಒಳಗಿನ ಡಿಸ್ಕಿನ ಲೋಹದ ಪೆಟ್ಟಿಗೆ ತಗ್ಗಿತು, ಬಾಗಿತು. ಒಳಗಿದ್ದದ್ದು ಗಾಜಿನ ಬಳೆಯ ಚೂರುಗಳ ಹಾಗೆ ಕಲಕಲ ಎಂದಿತು. ಎರಡನೇ ಡಿಸ್ಕನ್ನೂ ಹಾಗೇ ಮಾಡಿದ. ಎಲ್ಲವನ್ನೂ ನೀರು ತುಂಬಿದ ಬಕೆಟ್ಟಿಗೆ ಹಾಕಿದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಂದರಿ ಮದುವೆಯಾದಂದಿನಿಂದ ಮೊದಲ ಸಲ ಅಂಥ ಹೊತ್ತಿನಲ್ಲಿ ಬಾಯಿ ತೆರೆದರು.

“ಲತೀಶ, ಅಪ್ಪನ ಪದ್ಯ ಇದ್ದದ್ದು ಅದ್ರಲ್ಲೇ.”

ಅವನು ಕಲ್ಲು ಹಿಡಿದ ಹಾಗೇ ನಿಂತ. ತಾಯಿಯನ್ನು ನೋಡಿದ, ಬಕೆಟ್ಟನ್ನು ನೋಡಿದ. ಕಲ್ಲು ಕೆಳಗಿಟ್ಟು ನೀರಿಗೆ ಎರಡೂ ಕೈ ಹಾಕಿ ಚೂರುಗಳನ್ನು ಎತ್ತಿ ಎತ್ತಿ ಟವೆಲ್ಲಿನ ಮೇಲೆ ಹಾಕಿದ. ಕಚ್ಚಿದ ಗಾಯದ ರಕ್ತ ನೀರಿನಲ್ಲಿ ಹರಡುತ್ತಿತ್ತು. ಆಮೇಲೆ ಶರ್ಮಿಳಾಳ ಕಡೆ ತಿರುಗಿದ.

“ಏಳು. ಆ ಗುಣಪಾಲನ ಹತ್ರ ತಕೊಂಡು ಹೋಗು. ಸರಿ ಮಾಡಿಸು. ಈಗ್ಲೇ ಹೋಗು.”

ಹೇಳಿದ್ದು ಅರ್ಥವಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ಟವೆಲ್ಲಿನ ಗಂಟನ್ನು ಒಂದು ಚೀಲಕ್ಕೆ ಹಾಕಿ ಅವಳ ಬಲಗೈಗೆ ಕೊಟ್ಟ. ತಾನೇ ಹೋಗಿ ಬಾಗಿಲು ತೆರೆದ. ಶರ್ಮಿಳಾ ಮೇಜಿನ ಮೇಲಿದ್ದ ಪರ್ಸು ತೆಗೆದುಕೊಂಡಳು. ಅದರಲ್ಲಿ ರೈಲಿನ ಪಾಸ್ ಇತ್ತು. ಒಡೆದ ತುಟಿ, ಊದುತ್ತಿದ್ದ ಕೈ ಹೊತ್ತು ಮೆಟ್ಟಿಲಿಳಿಯುವಾಗಲೇ ಅವಳಿಗೆ ತಿಳಿದಿತ್ತು, ತಾನು ಈ ಮೆಟ್ಟಿಲು ಹತ್ತುವುದು ಮುಗಿಯಿತು ಎಂದು.

ಗುಣಪಾಲ ಚೀಲವನ್ನು ಪಕ್ಕಕ್ಕಿಟ್ಟು ಮೊದಲು ಅವಳ ಕೈ ನೋಡಿದ. ರಟ್ಟಿನ ಪಟ್ಟಿ ಕತ್ತರಿಸಿ ಬೆರಳಿಗೆ ಆನಿಸಿ ಕಟ್ಟಿದ. ಆಮೇಲೆ ಗಂಟು ಬಿಚ್ಚಿದ. ಒಂದು ಡಿಸ್ಕನ್ನು ಕಿವಿಯ ಬಳಿ ಹಿಡಿದು ಮೆಲ್ಲನೆ ಅಲ್ಲಾಡಿಸಿದ.

“ತಟ್ಟೆ ಗಾಜಿನದ್ದು. ಪುಡಿಯಾಗಿದೆ. ನೀರಿಗೆ ಬಿದ್ದದ್ದನ್ನು ಒಣಗಿಸದೆ, ಆನ್ ಮಾಡದೆ ತಂದ್ರೆ ಕೆಲವೊಮ್ಮೆ ಸಿಗ್ತದೆ. ಸುಟ್ಟದ್ದರಲ್ಲೂ ಒಮ್ಮೊಮ್ಮೆ ಸಿಗ್ತದೆ. ಇದು ಯಾರಿಂದಲೂ ಆಗೂದಿಲ್ಲ. ನಡೀರಿ, ಆಸ್ಪತ್ರೆಗೆ ಹೋಗುವ.”

ಅಷ್ಟರಲ್ಲಿ ಲತೀಶ್ ಅಂಗಡಿಯೊಳಗೆ ಬಂದ. ಮನೆಯಲ್ಲಿ ಕಾದು ಕೂರಲು ಅವನಿಂದ ಆಗಿರಲಿಲ್ಲ.

“ಆಯ್ತಾ?”

“ಆಗೂದಿಲ್ಲ,” ಎಂದ ಗುಣಪಾಲ.

“ಆವತ್ತು ನಾನು ಅಳಿಸಿದ್ದನ್ನು ತೆಗೆದು ಕೊಟ್ರಲ್ಲ? ಇದನ್ನೂ ತೆಗೀರಿ.”

ಗುಣಪಾಲ ಅವನನ್ನೇ ನೋಡಿದ. “ಆವತ್ತು ಒಳಗೆ ಇತ್ತು. ಇವತ್ತು ಒಳಗೂ ಇಲ್ಲ, ಹೊರಗೂ ಇಲ್ಲ.”

ಲತೀಶ್ ಅವನ ಕಾಲರ್ ಹಿಡಿದು ಕೌಂಟರಿನ ಮೇಲಿಂದ ಎಳೆದ. ಮುಂಭಾಗದ ಗಾಜು ಒಡೆದು ಮೌಸು, ಕೀಬೋರ್ಡುಗಳೆಲ್ಲ ರಸ್ತೆಗೆ ಚೆಲ್ಲಿದವು. ಶರ್ಮಿಳಾಳ ಕಡೆ ತಿರುಗಿ, “ಬೇರೆ ಎಲ್ಲಿಯಾದ್ರೂ ಇಟ್ಟಿದ್ದೀಯಾ? ಹೇಳು, ಇಟ್ಟಿದ್ದೀಯಾ?” ಎಂದು ಕೇಳುತ್ತ ಕೆನ್ನೆಗೆ ಬಾರಿಸಿದ. ತುರ್ಭೆ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಹೊಡೆತ ಅಲ್ಲಿಗೆ ನಿಲ್ಲುತ್ತಿತ್ತು. ಅವನು ಮತ್ತೆ ಬಾರಿಸಿದ. ಅವಳು ಒಡೆದ ತುಟಿಯನ್ನು ಒಳಕ್ಕೆ ಕಚ್ಚಿಕೊಂಡು ನಿಂತಳು. ಹೇಳಲಿಲ್ಲ.

ಸ್ಟೇಷನ್ನಿನಿಂದ ಇಳಿದ ಜನ ಆಗಲೇ ಮುತ್ತಿಕೊಂಡಿದ್ದರು. “ಔರತ್ ಪೇ ಹಾಥ್ ಉಠಾತಾ ಹೈ,” ಹೆಂಗಸಿನ ಮೇಲೆ ಕೈ ಮಾಡ್ತೀಯಾ ಎಂದು ಯಾರೋ ಲತೀಶನ ಬೆನ್ನಿಗೆ ಹೆಲ್ಮೆಟ್ಟಿನಿಂದ ಹೊಡೆದ. ಮರುಕ್ಷಣ ಅವನು ಕಾಲುಗಳ ನಡುವೆ ಬಿದ್ದಿದ್ದ. ಕೊಡೆಯಿಂದ, ಚಪ್ಪಲಿಯಿಂದ, ಕೈಗೆ ಸಿಕ್ಕಿದ್ದರಿಂದ ಹೊಡೆದರು. ಆಫೀಸಿನಿಂದ ಬಂದವರು ಟಿಫಿನ್ ಚೀಲ ಕಂಕುಳಲ್ಲಿ ಒತ್ತಿಕೊಂಡು ಒಂದೊಂದು ಒದ್ದು ಹೋಗುತ್ತಿದ್ದರು. ಹೊಡೆಯುವವರಲ್ಲಿ ಒಬ್ಬನನ್ನು ಶರ್ಮಿಳಾ ಗುರುತಿಸಿದಳು. ಅವನು ಗೋಡೆಯಾಚೆಯ ಮನೆಯಲ್ಲಿ ಟಿವಿ ಜೋರು ಮಾಡುತ್ತಿದ್ದವನು. ತೋಳು ಮಡಿಸಿಕೊಂಡು ಹೊಡೆಯುತ್ತಿದ್ದ.

ಅವಳಿಗೆ ಸಮಾಧಾನವಾಗಲಿಲ್ಲ. “ಬಿಡಿ, ಸಾಕು, ಪೊಲೀಸರನ್ನು ಕರೀರಿ,” ಎಂದಳು. ಒಡೆದ ತುಟಿಯ ಮಾತು ಯಾರಿಗೂ ಕೇಳಲಿಲ್ಲ. ಪೊಲೀಸರಿಗೆ ಫೋನು ಮಾಡಿದವನು ಗುಣಪಾಲ.

ಪೊಲೀಸ್ ಠಾಣೆಯಲ್ಲಿ ಮಹಿಳಾ ಪೊಲೀಸೊಬ್ಬಳು ಅವಳಿಗೆ ನೀರು ಕೊಟ್ಟು, “ಸಾಂಗಾ ತಾಈ,” ಹೇಳಿ ಅಕ್ಕ ಎಂದು ಮರಾಠಿಯಲ್ಲಿ ಕೇಳಿ ಬರೆಯಲು ಕೂತಳು. ಶರ್ಮಿಳಾ ಮೊದಲ ವರ್ಷದ ಏಟಿನಿಂದ ಹೇಳಿದಳು. ಸರಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಬೆರಳಿನ ಮೂಳೆ ಎರಡು ಕಡೆ ಮುರಿದಿತ್ತು. ಅಲ್ಲಿಂದ ಅವಳು ಅಮ್ಮನ ಮನೆಗೆ ಹೋಗಲಿಲ್ಲ. ಲತೀಶನ ಕಡೆಯವರು ಮೊದಲು ಹುಡುಕುವುದು ಅಲ್ಲೇ ಎಂದು ಅವಳಿಗೆ ಗೊತ್ತಿತ್ತು. ತುರ್ಭೆಗೆ ಹೋದಳು. ದಾನಮ್ಮ ಬಾಗಿಲು ತೆರೆದು, ಕೈಯ ಬ್ಯಾಂಡೇಜು ನೋಡಿ, ಏನೂ ಕೇಳದೆ ತಾನು ಉಣ್ಣುತ್ತಿದ್ದ ತಟ್ಟೆಯಲ್ಲೇ ಇನ್ನೊಂದು ರೊಟ್ಟಿ ಹಾಕಿದಳು.

ಆ ಖೋಲಿಯಲ್ಲಿ ಇಬ್ಬರು ಮಲಗಿದರೆ ಕಾಲು ಬಾಗಿಲಿಗೆ ತಾಗುತ್ತಿತ್ತು. ಹೊರಗೆ ಟ್ರಕ್ಕಿನ ಸದ್ದಾದರೂ ಶರ್ಮಿಳಾ ಬೆಚ್ಚಿ ಏಳುತ್ತಿದ್ದಳು. ಕೆಲವು ವಾರ ಕಳೆದು ಶೆಡ್ಡಿನ ಕಂಪ್ಯೂಟರಿಗೆ ಆ ಚಿಕ್ಕ ಡಿಸ್ಕು ಹಚ್ಚಿದಳು. ಕೊನೆಯ ಎರಡು ವಾರದ ಕೆಲಸ ಬಿಟ್ಟು ಎಲ್ಲವೂ ಇತ್ತು. ಬೇರೆ ಏನು ಮಾಡುವ ಮೊದಲೂ ಅವಳು ಅದರ ಇನ್ನೊಂದು ಪ್ರತಿ ಮಾಡಿದಳು.

ಎರಡು ತಿಂಗಳ ನಂತರ ಸುಂದರಿ ಶೆಡ್ಡಿಗೆ ಬಂದರು. ಅಷ್ಟು ದೂರ ರೈಲಿನಲ್ಲಿ ಒಬ್ಬರೇ ಬಂದವರಲ್ಲ ಅವರು. ವಿಳಾಸ ಹೇಗೆ ಸಿಕ್ಕಿತೆಂದು ಶರ್ಮಿಳಾ ಕೇಳಲಿಲ್ಲ. ದಾನಮ್ಮ ಕತ್ತರಿಯನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲಿಗೆ ಹೋಗಿ, ಹಿಂದೆ ಗಂಡಸರು ಯಾರೂ ಇಲ್ಲವೆಂದು ನೋಡಿ ಬಂದಳು.

“ಅವನಿಗೆ ಗೊತ್ತಿಲ್ಲ ನಾನು ಬಂದದ್ದು,” ಎಂದರು ಸುಂದರಿ. “ಜಾಮೀನಿನ ಮೇಲೆ ಬಂದಿದ್ದಾನೆ. ಕೆಲಸ ಹೋಗಿದೆ. ಮನೆಯಲ್ಲೇ ಇರ್ತಾನೆ.” ಆಮೇಲೆ ಕೇಳಿದರು, “ಅವರ ಪದ್ಯ ನಿನ್ನ ಹತ್ರ ಉಂಟಾ ಮಗಾ? ನೀನು ಯಾವುದನ್ನೂ ಒಂದೇ ಕಡೆ ಇಡುವವಳಲ್ಲ.”

ಶರ್ಮಿಳಾ ಕೈಯಲ್ಲಿದ್ದ ಕೆಲಸ ಬಿಟ್ಟು ಅವರ ಕಡೆ ತಿರುಗಿದಳು.

“ಮಾಮಿ, ನೀವು ಅಷ್ಟು ವರ್ಷ ಬಾಗಿಲಲ್ಲಿ ನಿಂತಿದ್ರಿ. ನನ್ನ ತಲೆ ಮಷಿನ್ನಿಗೆ ಬಡಿದಾಗ್ಲೂ ನಿಂತಿದ್ರಿ. ಡಿಸ್ಕು ಒಡೆದ ಮೇಲೆ ಮಾತಾಡಿದ್ರಿ.”

“ಹೌದು,” ಎಂದರು ಸುಂದರಿ.

ಯಂತ್ರಗಳ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ದಾನಮ್ಮ ಹೋಗಿ ಒಂದೊಂದಾಗಿ ನಿಲ್ಲಿಸಿದಳು. ಶರ್ಮಿಳಾ ಒಂದು ಪದ್ಯ ಹಚ್ಚಿದಳು. ಚೆಂಡೆಯ ಹಿಂದಿನಿಂದ ಆ ಸ್ವರ ಎದ್ದು ಶೆಡ್ಡಿನ ತಗಡಿನ ಮಾಡಿಗೆ ತಾಗಿತು. ಸುಂದರಿ ಬಟ್ಟೆಯ ಥಾನುಗಳ ನಡುವೆ ನಿಂತೇ ಕೇಳಿದರು. ಮುಗಿದ ಮೇಲೆ ಶರ್ಮಿಳಾ ಪದ್ಯಗಳನ್ನೆಲ್ಲ ಒಂದು ಪೆನ್ ಡ್ರೈವಿಗೆ ಹಾಕಿ ಅವರ ಕೈಯಲ್ಲಿಟ್ಟಳು. ಬದಲಿಗೆ ಏನೂ ಕೇಳಲಿಲ್ಲ.

“ನಾನಾಗಿದ್ರ ಕೊಡ್ತಿರಲಿಲ್ಲ ನೋಡು,” ಎಂದಳು ದಾನಮ್ಮ ಆಮೇಲೆ.

“ಮಾವ ನನಗೇನೂ ಮಾಡಿರಲಿಲ್ಲ ಅಕ್ಕ,” ಎಂದಳು ಶರ್ಮಿಳಾ.

ಕಲ್ಯಾಣದ ಕೋರ್ಟಿನಲ್ಲಿ ಸಾಕ್ಷಿ ಹೇಳುವ ದಿನ ಬಂದಾಗ ಸುಂದರಿ ಮಗನ ಕಡೆಯಿಂದ ಬಂದು ನಿಂತರು. ಗುಣಪಾಲ ಆ ಮೊದಲೇ ತಾನು ಕಂಡದ್ದನ್ನು ಹೇಳಿ ಹೋಗಿದ್ದ. ವಕೀಲರು ಸುಂದರಿಯನ್ನು ಕೇಳಿದರು. “ನಾನು ಅಡುಗೆಮನೆಯಲ್ಲಿದ್ದೆ. ಏನೋ ಬಿದ್ದ ಸದ್ದು ಕೇಳಿತು. ಕಣ್ಣಾರೆ ಏನೂ ನೋಡಲಿಲ್ಲ,” ಎಂದರು. ಹೇಳುವಾಗ ಅವರ ದನಿ ನಡುಗಲಿಲ್ಲ. ಲತೀಶ್ ತಲೆ ತಗ್ಗಿಸಿ ಕೂತಿದ್ದ. ಅವನ ಮುಂಗೈಯಲ್ಲಿ ಹಲ್ಲಿನ ಗುರುತು ಬೆಳ್ಳಗೆ ಉಳಿದಿತ್ತು.

ಆಮೇಲೆ ಹೊರಗೆ ಕಾರಿಡಾರಿನ ಬೆಂಚಿನಲ್ಲಿ ಶರ್ಮಿಳಾ ವಕೀಲರಿಗಾಗಿ ಕಾಯುತ್ತಿದ್ದಳು. ಮಗ ಕೆಳಗೆ ಚಹಾ ಕುಡಿಯಲು ಇಳಿದದ್ದನ್ನು ನೋಡಿಕೊಂಡು ಸುಂದರಿ ಅವಳ ಹತ್ತಿರ ಬಂದರು. ಸೆರಗಿನ ಗಂಟಿನಿಂದ ಪೆನ್ ಡ್ರೈವ್ ಬಿಚ್ಚಿ ತೆಗೆದರು.

“ಇದು ಟಿವಿಗೆ ಹಾಕಿದ್ರೆ ಈಗ ಬರೂದಿಲ್ಲ. ಮೊನ್ನೆ ತನಕ ಬರ್ತಿತ್ತು. ಓಡ್ತಾ ಇರುವಾಗ್ಲೇ ಅವನು ಎಳೆದು ತೆಗೆದ. ಅಂದಿನಿಂದ ಹೀಗೆ. ಸ್ವಲ್ಪ ನೋಡಿ ಕೊಡ್ತಿಯಾ?”

ಶರ್ಮಿಳಾ ಅವರ ಮುಖ ನೋಡಿದಳು. ನಿಜವಾಗಿಯೂ ಕೇಳುತ್ತಿದ್ದರು. ಒಳಗೆ ಹೇಳಿ ಬಂದ ಮಾತಿಗೂ ಈ ಮಾತಿಗೂ ಅವರ ಮನಸ್ಸಿನಲ್ಲಿ ಸಂಬಂಧವೇ ಇದ್ದಂತಿರಲಿಲ್ಲ. ಆ ಪೆನ್ ಡ್ರೈವನ್ನು ಕಿತ್ತು ಮಹಡಿಯಿಂದ ಕೆಳಗೆ ಎಸೆಯಬೇಕು ಎನ್ನಿಸಿತು. ಕೈ ಎತ್ತಿಯೂ ಎತ್ತಿದಳು. ಸುಂದರಿ ಹಿಂದೆ ಸರಿದರು. ಅವಳು ಕೈ ಕೆಳಗಿಳಿಸಿ ಮಡಿಲಲ್ಲಿಟ್ಟುಕೊಂಡಳು.

“ಯಾವುದಕ್ಕೂ ಮತ್ತೆ ಮತ್ತೆ ಹಾಕಿ ನೋಡ್ಬೇಡಿ. ಫಾರ್ಮ್ಯಾಟ್ ಮಾಡ್ಬೇಕಾ ಅಂತ ಕೇಳಿದ್ರೆ ಬೇಡ ಅನ್ನಿ,” ಎಂದಳು. “ಗುಣಪಾಲಣ್ಣನ ಅಂಗಡಿ ಗೊತ್ತುಂಟಲ್ಲ. ನಿಮ್ಮ ಮಗ ಗಾಜು ಒಡೆದ ಅಂಗಡಿ. ಅಲ್ಲಿಗೆ ನೀವೇ ಹೋಗಿ. ಯಾರ ಮನೆಯವರು ಅಂತ ಹೇಳಿ ಕೊಡಿ. ಅವರು ಮಾಡಿ ಕೊಡ್ತಾರೆ.”

ಸುಂದರಿ ಹೋದರೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಗುಣಪಾಲನನ್ನೂ ಅವಳು ಕೇಳಿಲ್ಲ. ಕೇಸು ಇನ್ನೂ ನಡೆಯುತ್ತಿದೆ. ಅಂದು ಕೋರ್ಟಿನಿಂದ ಅವಳು ಸೀದಾ ಸ್ಟೇಷನ್ನಿಗೆ ನಡೆದು ಥಾಣೆಯ ಕಡೆಯ ಗಾಡಿ ಹಿಡಿದಳು. ಲೇಡೀಸ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿಯುತ್ತಿದ್ದರು. ಶರ್ಮಿಳಾ ಹೊಸದಾಗಿ ಕೊಂಡ ಲ್ಯಾಪ್‌ಟಾಪಿನ ಚೀಲವನ್ನು ಎದೆಯ ಮುಂದಕ್ಕೆ ಹಾಕಿಕೊಂಡು ಎರಡೂ ಕೈಯಿಂದ ಅಪ್ಪಿ ನಿಂತಳು. ಸಂಜೆಯೊಳಗೆ ದಾನಮ್ಮನ ಯಂತ್ರಕ್ಕೆ ಒಂದು ಹೊಸ ಸೆರಗು ಕೊಡಬೇಕಿತ್ತು.